ಲಕ್ವ ಹೊಡೆದ ಕೈಗೂ ಕೆಲಸ ಕೊಡಿ

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವ ಹೆಂಗಸರ ಕೈ ನೋಡಿದ್ದೀರಾ? ಬಾಯಿ ಊರ ಸುದ್ದಿ ಆಡುತ್ತಿರುತ್ತದೆ, ಕೈ ತನ್ನ ಪಾಡಿಗೆ ಗಂಟು ಹಾಕುತ್ತಿರುತ್ತದೆ. ಅಂಗಡಿಯಲ್ಲಿ ಪೊಟ್ಟಣ ಕಟ್ಟುವವರ ಕೈಯೂ ಹಾಗೇ. ಹುಟ್ಟಿನಿಂದ ಬಂದದ್ದಲ್ಲ ಇದು. ಸಾವಿರ ಸಲ ಮಾಡಿ ಮಾಡಿ ಮೆದುಳಿಗೆ ಹತ್ತಿದ ವಿದ್ಯೆ.

ಲಕ್ವ ಹೊಡೆದಾಗ ಕೆಡುವುದು ಕೈಯಲ್ಲ, ಕೈಯನ್ನು ಆಡಿಸುವ ಮೆದುಳಿನ ಜಾಗ. ಅಲ್ಲಿಗೆ ರಕ್ತ ಹೋಗುವುದು ನಿಂತು, ಇಲ್ಲವೇ ರಕ್ತನಾಳ ಒಡೆದು, ನರಕೋಶಗಳು ಸಾಯುತ್ತವೆ. ಸತ್ತವು ಎದ್ದು ಬರುವುದಿಲ್ಲ ನಿಜ. ಆದರೆ ಅಕ್ಕಪಕ್ಕದಲ್ಲಿ ಉಳಿದ ಭಾಗ ಆ ಕೆಲಸ ಕಲಿಯಬಲ್ಲದು. 1996ರಲ್ಲಿ ಅಮೆರಿಕದ ರ‍್ಯಾಂಡಾಲ್ಫ್ ನೂಡೋ ಮತ್ತು ಸಂಗಡಿಗರು ಇದನ್ನು ಕೋತಿಗಳಲ್ಲಿ ತೋರಿಸಿದರು. ಸೋತ ಕೈಯಿಂದಲೇ ತಿನಿಸು ಹೆಕ್ಕುವ ಅಭ್ಯಾಸ ಮಾಡಿಸಿದಾಗ, ಕೈಗೆ ಸೇರಿದ ಮೆದುಳಿನ ಜಾಗ ಉಳಿಯಿತು. ಕೆಲವದರಲ್ಲಿ ಪಕ್ಕಕ್ಕೂ ಹಬ್ಬಿತು.

ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. "ಬುಡಿ ಅಪ್ಪಾಜಿ, ಸುಮ್ಕೆ ಕೂತ್ಕಳಿ, ನಾವ್ ಮಾಡ್ತೀವಿ" ಅಂತ ತುತ್ತನ್ನೂ ಬಾಯಿಗೇ ಇಡುತ್ತೇವೆ. ಎಣ್ಣೆ ತಿಕ್ಕಿ ಮಲಗಿಸುತ್ತೇವೆ. ಪ್ರೀತಿಯೇನೋ ಸರಿ. ಆದರೆ ಕೆಲಸವಿಲ್ಲದ ಕೈ, ಇದ್ದಷ್ಟು ಶಕ್ತಿಯನ್ನೂ ಮರೆಯುತ್ತದೆ. ಅಮೆರಿಕದಲ್ಲಿ 222 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಒಂದು ಗುಂಪಿನವರ ಒಳ್ಳೇ ಕೈಗೆ ದಪ್ಪ ಕೈಚೀಲ ತೊಡಿಸಿ, ಎರಡು ವಾರ ಸೋತ ಕೈಯಿಂದಲೇ ಕೆಲಸ ಮಾಡಿಸಿದರು. ವರ್ಷ ಕಳೆದ ಮೇಲೂ ಅವರ ಕೈ ಉಳಿದವರಿಗಿಂತ ಚೆನ್ನಾಗಿ ಆಡುತ್ತಿತ್ತು. ಆದರೆ ಬೆರಳು, ಮಣಿಕಟ್ಟು ತುಸುವಾದರೂ ಆಡುವವರಿಗೆ ಮಾತ್ರ ಈ ದಾರಿ. ಅದನ್ನು ಡಾಕ್ಟರೇ ನೋಡಿ ಹೇಳಬೇಕು.

ಹಾಗಾದರೆ ಮನೆಯವರೇ ಕಲಿತು ಮಾಡಿಸಿದರೆ ಸಾಲದೇ? ನಮ್ಮ ದೇಶದಲ್ಲೇ 14 ಆಸ್ಪತ್ರೆಗಳ 1,250 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ಒಂದು ಗುಂಪಿನ ಮನೆಯವರಿಗೆ ತರಬೇತಿ ಕೊಟ್ಟು ಕಳಿಸಿದರು. ಫಲಿತಾಂಶ 2017ರಲ್ಲಿ ಬಂತು: ಆರು ತಿಂಗಳ ಮೇಲೆ ಎರಡೂ ಗುಂಪು ಸಮಸಮ. ಅಂದರೆ ಎಲ್ಲವನ್ನೂ ಮನೆಯವರ ತಲೆಗೆ ಕಟ್ಟಿ ಕೈ ತೊಳೆದುಕೊಂಡರೆ ಆಗದು. ನುರಿತವರು ಜೊತೆಗಿದ್ದು, ದಿನ ಬಿಡದೆ ಮಾಡಿಸಬೇಕು.

ಕಷ್ಟ ಇರುವುದೇ ಇಲ್ಲಿ. ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಯಿಂದ, ಕೆ.ಆರ್. ನಗರದ ನಾಲೆ ಬಯಲಿನ ಹಳ್ಳಿಯಿಂದ, ಕಾಲು ಬಾರದವರನ್ನು ಎತ್ತಿ ಬಸ್ ಹತ್ತಿಸಿ ವಾರಕ್ಕೆ ಮೂರು ದಿನ ಮೈಸೂರಿಗೆ ಕರೆದೊಯ್ಯುವುದು ಆಗುವ ಮಾತೇ? ರೋಗಿಯ ಜೊತೆ ಹೋದವರ ಕೂಲಿಯೂ ಹೋಯಿತು. ಎರಡು ಸಲ ಹೋಗಿ ಮೂರನೇ ಸಲ ಬಿಟ್ಟರೆ ಅವರನ್ನು ಬಯ್ಯುವಂತಿಲ್ಲ.

ಅಂಗಡಿಯವರೇ, ಗಿರಾಕಿ ಸೋತ ಕೈಯಿಂದ ಚಿಲ್ಲರೆ ಎಣಿಸುತ್ತಿದ್ದರೆ ಅವಸರ ಮಾಡಬೇಡಿ, ಅದೂ ಒಂದು ಔಷಧಿಯೇ. ಇನ್ನು ಆಳುವವರಿಗೆ ಒಂದೇ ಮಾತು: ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ದಿನಾಲೂ ಸಿಗಲಿ, ಹಾಸಿಗೆ ಹಿಡಿದವರ ಮನೆ ಬಾಗಿಲಿಗೂ ಬರಲಿ. ಜೀವ ಉಳಿಸಿದರಷ್ಟೇ ಸಾಲದು, ದುಡಿಯುವ ಕೈಯನ್ನೂ ಉಳಿಸಿಕೊಡಬೇಕು.