ಮಕ್ಕಳ ಪೋಷಣೆಗೆ ಅಂತರ್ಜಾಲದ ನೆರವು

ಶಿಶುವಿನ ಜನನದಿಂದ ತೊಡಗಿ ಅದು ಪ್ರಾಪ್ತವಯಸ್ಸಿಗೆ ಬರುವವರೆಗೆ ತಂದೆತಾಯಿಗಳಿಗೆ ಬೇಕಾಗುವ ತಿಳಿವಳಿಕೆ ಬಹುಮುಖವಾದುದು. ಯಾವ ಲಸಿಕೆ ಯಾವಾಗ, ಯಾವ ಆಹಾರ ಯಾವ ತಿಂಗಳಿಗೆ, ಯಾವ ಪ್ರಮಾಣಪತ್ರ ಯಾವ ಕಚೇರಿಯಲ್ಲಿ, ಓದಿಗೆ ಒಗ್ಗದ ಮಗುವನ್ನು ಒಲಿಸಿಕೊಳ್ಳುವುದೆಂತು ಎಂಬ ಪ್ರಶ್ನೆಗಳಿಗೆ ಹಿಂದಿನ ಬಳ್ಳಾರಿ ಸೀಮೆಯಲ್ಲಿ ಉತ್ತರ ಹೇಳುತ್ತಿದ್ದವರು ಮನೆಯ ಅಜ್ಜಿ, ಓಣಿಯ ಸೂಲಗಿತ್ತಿ, ಶಾಲೆಯ ಮೇಷ್ಟರು ಮತ್ತು ಊರಿನ ಕರಣಂ. ಅನಂತರ ಅಚ್ಚಿನ ಪುಸ್ತಕವು ಈ ಬಳಗವನ್ನು ಸೇರಿತು. 1936ರಲ್ಲಿ ಶಿವರಾಮ ಕಾರಂತರು ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಹೊರತಂದಾಗ, ಲೋಕದ ವಿಷಯಗಳನ್ನು ಕನ್ನಡದಲ್ಲಿಯೇ ಕೇಳಿ ತಿಳಿಯುವ ಭಾಗ್ಯವು ಕನ್ನಡದ ಮಗುವಿಗೆ ಒದಗಿತು. ಈಗ ಅಂಗೈಯಷ್ಟಗಲದ ಮೊಬೈಲ್ ಫೋನಿನಲ್ಲಿ ಇಂತಹ ಸಂಪುಟಗಳು ಸಹಸ್ರಾರು ಇವೆ. ಆದರೆ ಅವುಗಳ ನಡುವೆಯೇ ಸುಳ್ಳೂ ಆಮಿಷವೂ ಸಮಸಮನಾಗಿ ಕುಳಿತಿರುವುದರಿಂದ, ಆಯ್ದುಕೊಳ್ಳುವ ವಿವೇಕವೇ ಇಂದಿನ ತಂದೆತಾಯಿಗಳು ಮೊದಲು ಸಂಪಾದಿಸಬೇಕಾದ ವಿದ್ಯೆಯಾಗಿದೆ.

ತುಂಗಭದ್ರೆಯ ಕಾಲುವೆಯ ನೀರು ಸಿರುಗುಪ್ಪ ತಾಲೂಕಿನ ಭತ್ತದ ಗದ್ದೆಗಳಿಗೆ ಹರಿಯುವುದನ್ನು ಬಲ್ಲವರಿಗೆ ಒಂದು ಮಾತು ಸುಲಭವಾಗಿ ಅರ್ಥವಾದೀತು: ಅಣೆಕಟ್ಟೆಯಲ್ಲಿ ನೀರು ಎಷ್ಟೇ ತುಂಬಿರಲಿ, ಕಾಲುವೆಯ ಕೊನೆಭಾಗದ ರೈತನ ಹೊಲವನ್ನು ಮುಟ್ಟದ ನೀರು ಅವನ ಪಾಲಿಗೆ ಇಲ್ಲದ್ದಕ್ಕೆ ಸಮಾನ. ಅಂತರ್ಜಾಲದ ಅರಿವೂ ಅಂತಹುದೇ. ಅದರ ಕೊನೆಯ ಹೆಜ್ಜೆ ಊರಿನ ಅಂಗನವಾಡಿಯಲ್ಲಿ, ಆಸ್ಪತ್ರೆಯಲ್ಲಿ, ನಾಡಕಚೇರಿಯಲ್ಲಿ, ಮಗುವಿನ ಮಗ್ಗುಲಲ್ಲಿ ಊರುವುದಾದರೆ ಮಾತ್ರ ಅದನ್ನು ನೆರವೆಂದು ಕರೆಯತಕ್ಕದ್ದು. ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡುಗಳ ಸಂಸಾರಗಳನ್ನು ಕಣ್ಣ ಮುಂದಿಟ್ಟುಕೊಂಡು, ಇಂತಹ ನೆರವುಗಳಲ್ಲಿ ಮುಖ್ಯವಾದ ಕೆಲವನ್ನು ಈ ಅಧ್ಯಾಯದಲ್ಲಿ ವಿವರಿಸಲಾಗುವುದು.

ಜನನ ಮತ್ತು ದಾಖಲೆ

ಮಗು ಹುಟ್ಟಿದ 21 ದಿನಗಳೊಳಗೆ ಜನನವನ್ನು ನೋಂದಾಯಿಸಬೇಕೆಂಬುದು ಕಾನೂನು. ರಾಜ್ಯದ ‘ಇ-ಜನ್ಮ’ ವ್ಯವಸ್ಥೆಯಲ್ಲಿ ಈ ನೋಂದಣಿಯು ಗಣಕಯಂತ್ರದ ಮೂಲಕ ನಡೆಯುತ್ತದೆ. ಕಾನೂನಿಗೆ 2023ರಲ್ಲಿ ಆದ ತಿದ್ದುಪಡಿಯ ಮೇರೆಗೆ, ಆ ವರ್ಷದ ಅಕ್ಟೋಬರ್ 1ರಂದು ಅಥವಾ ಅದರ ಅನಂತರ ಹುಟ್ಟಿದವರ ಪಾಲಿಗೆ ಶಾಲಾಪ್ರವೇಶವೇ ಮೊದಲಾದ ಕಾರ್ಯಗಳಿಗೆ ಜನನ ಪ್ರಮಾಣಪತ್ರವೇ ಜನ್ಮದಿನದ ಆಧಾರವಾಗಿರುವುದರಿಂದ, ಈ ಕಾಗದದ ಮಹತ್ತ್ವವು ಹಿಂದೆಂದಿಗಿಂತಲೂ ಹೆಚ್ಚಿದೆ. ನಾಮಕರಣಕ್ಕೆ ಮುನ್ನವೇ ನೋಂದಣಿಯಾಗುವ ನಮ್ಮ ಪದ್ಧತಿಯಲ್ಲಿ ಹೆಸರಿನ ಅಂಕಣವು ಖಾಲಿ ಉಳಿಯುವುದು ಸಹಜ. ಒಂದು ವರ್ಷದೊಳಗಾದರೆ ಶುಲ್ಕವಿಲ್ಲದೆಯೂ, ಆಮೇಲೆ 15 ವರ್ಷಗಳವರೆಗೆ ಅಲ್ಪ ಶುಲ್ಕ ತೆತ್ತೂ ಹೆಸರನ್ನು ಸೇರಿಸಬಹುದೆಂಬುದನ್ನು ಬಲ್ಲ ತಂದೆತಾಯಿಗಳು ವಿರಳ.

ಈ ಹೆಸರಿನ ಅಕ್ಷರಗಳಲ್ಲಿಯೇ ಮುಂದಿನ ಅರ್ಧ ತೊಂದರೆ ಅಡಗಿರುತ್ತದೆ. ಜನನಪತ್ರದಲ್ಲಿ ಒಂದು ಕಾಗುಣಿತ, ಆಧಾರ್ ಕಾರ್ಡಿನಲ್ಲಿ ಮತ್ತೊಂದು, ಶಾಲೆಯವರು ವಿದ್ಯಾರ್ಥಿಗಳ ವಿವರವನ್ನು ತುಂಬುವ ‘ಸ್ಯಾಟ್ಸ್’ ದಾಖಲೆಯಲ್ಲಿ ಮಗದೊಂದು ಆದಲ್ಲಿ, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ದಿನ ಈ ಮೂರೂ ತಾಳೆಯಾಗದೆ ಅರ್ಜಿಯು ಅಲ್ಲಿಯೇ ನಿಲ್ಲುತ್ತದೆ. ಐದು ವರ್ಷಕ್ಕೆ ಕಿರಿಯ ಮಗುವಿನ ನೀಲಿ ಬಣ್ಣದ ಆಧಾರ್‌ನಲ್ಲಿ ಬೆರಳಚ್ಚು ಇರದ ಕಾರಣ, ಐದು ತುಂಬಿದಾಗ ಒಮ್ಮೆ, ಹದಿನೈದು ತುಂಬಿದಾಗ ಮತ್ತೊಮ್ಮೆ ಬೆರಳಚ್ಚು ಮತ್ತು ಕಣ್ಣುಪಾಪೆಯ ಗುರುತನ್ನು ಕೊಡಿಸಬೇಕು. ಜನನಪತ್ರದಲ್ಲಿ ಬರೆದ ಅಕ್ಷರಗಳನ್ನೇ ಎಲ್ಲೆಡೆಯೂ ಬರೆಸುವುದು, ಬರೆಸಿದ ಮೇಲೆ ಪರದೆಯನ್ನು ತಾನೇ ಒಮ್ಮೆ ಓದಿ ನೋಡುವುದು, ಇವೆರಡನ್ನು ರೂಢಿಸಿಕೊಂಡ ಮನೆಯವರಿಗೆ ಮುಂದೆ ಕಚೇರಿಯ ಅಲೆದಾಟ ಬಹುಮಟ್ಟಿಗೆ ತಪ್ಪುತ್ತದೆ.

ಆರೋಗ್ಯ

ಹುಟ್ಟಿದೊಡನೆ ಬಿ.ಸಿ.ಜಿ., ಪೋಲಿಯೋ ಹನಿ ಮತ್ತು ಹೆಪಟೈಟಿಸ್-ಬಿ. ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಪೆಂಟಾವೇಲೆಂಟ್ ಮತ್ತು ಅದರ ಜತೆಯವು. ಒಂಬತ್ತು ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ: ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದ ಈ ಪಟ್ಟಿಯು ಆರೋಗ್ಯ ಇಲಾಖೆಯ ಜಾಲತಾಣದಲ್ಲಿಯೂ ಆಶಾ ಕಾರ್ಯಕರ್ತೆಯು ತುಂಬಿಸಿಕೊಡುವ ತಾಯಿ ಕಾರ್ಡಿನಲ್ಲಿಯೂ ಒಂದೇ ಆಗಿರುತ್ತದೆ. ಇವೆರಡನ್ನೂ ಹೊಂದಿಸಿ ನೋಡುವ ತಾಯಿಗೆ ಯಾವ ಸೂಜಿ ತಪ್ಪಿಹೋಯಿತೆಂಬುದು ತಾನಾಗಿಯೇ ಗೋಚರಿಸುವುದು. ಅಂಗನವಾಡಿ ಕಾರ್ಯಕರ್ತೆಯು 2021ರಿಂದ ‘ಪೋಷಣ್ ಟ್ರ್ಯಾಕರ್’ ಎಂಬ ಆ್ಯಪ್‌ನಲ್ಲಿ ಮಗುವಿನ ತೂಕವನ್ನೂ ಎತ್ತರವನ್ನೂ ದಾಖಲಿಸುತ್ತಾಳೆ. ಕೂಲಿಯ ನಿಮಿತ್ತ ಊರು ಬಿಟ್ಟು ಹೋಗುವ ಸಂಸಾರದ ಹೆಸರನ್ನು ಹೋದ ಊರಿನ ಅಂಗನವಾಡಿಗೆ ವರ್ಗಾಯಿಸುವ ಏರ್ಪಾಡೂ ಅದರಲ್ಲಿ ಇರುವುದರಿಂದ, ಗಂಟುಮೂಟೆ ಕಟ್ಟುವ ಮುನ್ನ ಆಕೆಗೆ ಒಂದು ಮಾತು ತಿಳಿಸಿ ಹೋಗುವುದು ಲೇಸು.

ವೈದ್ಯರನ್ನು ಫೋನಿನಲ್ಲಿಯೇ ಕಾಣುವ ಸರಕಾರಿ ಸೌಲಭ್ಯವಾದ ‘ಇ-ಸಂಜೀವನಿ’ಯ ಮನೆಬಾಗಿಲ ಸೇವೆಯು 2020ರ ಏಪ್ರಿಲಿನಲ್ಲಿ ಆರಂಭವಾಯಿತು, ಶುಲ್ಕವಿಲ್ಲದೆ ವೈದ್ಯರೊಡನೆ ಮಾತನಾಡಿ ಔಷಧಚೀಟಿಯನ್ನು ಪಡೆಯಬಹುದು. ಚರ್ಮದ ತುರಿಕೆ, ಹಳೆಯ ಕೆಮ್ಮು, ಊಟ ಸೇರದಿರುವುದು ಮುಂತಾದ ಅವಸರವಿಲ್ಲದ ಬಾಧೆಗಳಿಗೆ ಇದು ತಕ್ಕುದಾದೀತು. ಆದರೆ ಉಸಿರಾಟಕ್ಕೆ ಕಷ್ಟಪಡುವ ಶಿಶುವನ್ನೂ, ಅಪಸ್ಮಾರ ಬಂದ ಮಗುವನ್ನೂ, ಬಳ್ಳಾರಿಯ ಬಿರುಬೇಸಗೆಯಲ್ಲಿ ವಾಂತಿಭೇದಿಯಿಂದ ಕಣ್ಣು ಗುಳಿಬಿದ್ದು ಹಾಲು ಕುಡಿಯಲಾರದ ಕೂಸನ್ನೂ ಪರದೆಯ ಮುಂದೆ ಹಿಡಿದು ಕೂರುವುದು ಸಲ್ಲದು. ಅಂತಹ ವೇಳೆಯಲ್ಲಿ ಹತ್ತಿರದ ಆಸ್ಪತ್ರೆಗೆ, ಅಲ್ಲಿಂದ ಅಗತ್ಯಬಿದ್ದರೆ 1961ರಲ್ಲಿ ವೈದ್ಯಕೀಯ ಕಾಲೇಜಾಗಿ ಹುಟ್ಟಿ ಮುಂದೆ ‘ವಿಮ್ಸ್’ ಎಂದು ಹೆಸರಾದ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಧಾವಿಸುವುದೊಂದೇ ದಾರಿ. ಭೇದಿ ತೊಡಗಿದೊಡನೆ ಮನೆಯಲ್ಲಿ ಮಾಡಬೇಕಾದುದು ಓ.ಆರ್.ಎಸ್. ನೀರು ಕುಡಿಸುವುದು, ಒಂದು ಲೀಟರಿನ ದೊಡ್ಡ ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿನಲ್ಲಿ ಪೂರ್ತಿಯಾಗಿ ಕರಗಿಸಬೇಕೇ ಹೊರತು, ಲೋಟಕ್ಕೆ ಒಂದು ಚಿಟಿಕೆಯಂತೆ ಅಂದಾಜಿನಲ್ಲಿ ಬೆರೆಸಬಾರದು.

ಪಾಠ ಮತ್ತು ಕಥೆ

ಬಳ್ಳಾರಿಯ ಮನೆಗಳ ಒಂದು ವಿಶೇಷವನ್ನು ಇಲ್ಲಿ ನೆನೆಯಬೇಕು. 1953ರ ಅಕ್ಟೋಬರ್ 1ರವರೆಗೆ ಮದರಾಸು ಪ್ರಾಂತದಲ್ಲಿದ್ದ ಈ ಜಿಲ್ಲೆಯ ಬಹುಭಾಗವು ಮೈಸೂರು ರಾಜ್ಯವನ್ನು ಸೇರಿದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರದಲ್ಲಿ ಉಳಿದುವು. ಗೆರೆಯು ನೆಲದ ಮೇಲೆ ಬಿದ್ದಿತೇ ಹೊರತು ನಾಲಗೆಯ ಮೇಲೆ ಬೀಳಲಿಲ್ಲ. ಇಂದಿಗೂ ಅಜ್ಜಿಯ ತೆಲುಗು, ನೆರೆಮನೆಯ ಉರ್ದು, ಶಾಲೆಯ ಕನ್ನಡ ಒಂದೇ ಅಂಗಳದಲ್ಲಿ ಕೇಳಿಬರುತ್ತವೆ. ಇದನ್ನು ಮಗುವಿನ ಓದಿಗೆ ತೊಡಕೆಂದು ಭಾವಿಸುವವರುಂಟು. ನಮ್ಮ ದೃಷ್ಟಿಯಲ್ಲಿ ಅದು ಸಂಪತ್ತು, ಮತ್ತು ಅಂತರ್ಜಾಲವು ನಿಜವಾಗಿ ಉಪಕಾರಿಯಾಗುವುದು ಇಲ್ಲಿಯೇ.

ಬೆಂಗಳೂರಿನ ‘ಪ್ರಥಮ್ ಬುಕ್ಸ್’ ಎಂಬ ಲಾಭಾಪೇಕ್ಷೆಯಿಲ್ಲದ ಪ್ರಕಾಶನ ಸಂಸ್ಥೆಯು 2015ರ ಸೆಪ್ಟೆಂಬರ್ 8ರಂದು, ಸಾಕ್ಷರತಾ ದಿನದಂದು, ‘ಸ್ಟೋರಿವೀವರ್’ ಎಂಬ ಮಕ್ಕಳ ಕಥಾಭಂಡಾರವನ್ನು ತೆರೆಯಿತು. ಕಥೆಗಳು ಓದಿನ ಸಾಮರ್ಥ್ಯಕ್ಕೆ ತಕ್ಕಂತೆ ನಾಲ್ಕು ಮಟ್ಟಗಳಲ್ಲಿ ವಿಂಗಡವಾಗಿವೆ. ಒಂದನೆಯ ಮಟ್ಟದಲ್ಲಿ ಪುಟಕ್ಕೊಂದು ಚಿಕ್ಕ ವಾಕ್ಯ, ನಾಲ್ಕನೆಯದರಲ್ಲಿ ತುಂಬು ಪುಟ. ಹಣ ಕೊಡಬೇಕಾಗಿಲ್ಲ, ಇಳಿಸಿಕೊಂಡು ಅಚ್ಚು ಮಾಡಿಸಲೂ, ಬೇರೆ ಭಾಷೆಗೆ ತಿರುಗಿಸಲೂ ಅನುಮತಿಯುಂಟು. ಅನೇಕ ಕಥೆಗಳು ಅದೇ ಚಿತ್ರಗಳೊಡನೆ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಉರ್ದುವಿನಲ್ಲಿಯೂ ದೊರೆಯುತ್ತವೆ. ಕೌಲ್ ಬಜಾರಿನ ಕಡೆಯ, ಜೀನ್ಸ್ ಹೊಲಿಗೆಯ ಕೆಲಸದಿಂದ ಜೀವನ ಸಾಗಿಸುವ ಮನೆಯೊಂದನ್ನು ಕಲ್ಪಿಸಿಕೊಳ್ಳಿ. ಮಿಷನ್ನಿನ ಸದ್ದು ನಿಂತ ಮೇಲೆ ಮೂರನೆಯ ತರಗತಿಯ ಹುಡುಗಿ ಪರದೆಯ ಆನೆಯ ಕಥೆಯನ್ನು ಕನ್ನಡದಲ್ಲಿ ಬೆರಳಿಟ್ಟು ಓದುತ್ತಾಳೆ. “ಅಜ್ಜೀ, ಈಗ ನೀ ಹೇಳು, ನಿನ್ನ ತೆಲುಗಿನಾಗ” ಎನ್ನುತ್ತಾಳೆ. ಅಕ್ಷರ ಬಾರದ ಅಜ್ಜಿಯು ಚಿತ್ರ ನೋಡಿ ಕಥೆಗೆ ತನ್ನದೊಂದು ತಿರುವು ಸೇರಿಸುತ್ತಾಳೆ. ಹುಡುಗಿಯು “ಅಂಗಿಲ್ಲ, ಅಂಗಿಲ್ಲ” ಎಂದು ಮತ್ತೆ ಓದಿ ತೋರಿಸುತ್ತಾಳೆ. ಒಂದೇ ಪುಟವನ್ನು ಎರಡು ಬಾರಿ ಓದೆಂದು ಮೇಷ್ಟರು ಗದರಿಸಿ ಹೇಳಬೇಕಾಗಿದ್ದುದು ಇಲ್ಲಿ ಜಗಳದ ನೆಪದಿಂದ ತಾನೇ ನೆರವೇರುತ್ತದೆ.

ಪಾಠಪುಸ್ತಕಗಳ ವಿಷಯದಲ್ಲಿ ‘ದೀಕ್ಷಾ’ ವೇದಿಕೆಯು 2017ರ ಸೆಪ್ಟೆಂಬರ್ 5ರಿಂದ ದೇಶದಲ್ಲಿ ನಡೆಯುತ್ತಿದೆ. ಪಾಠದ ಮಗ್ಗುಲಲ್ಲಿ ಅಚ್ಚಾಗಿರುವ ಕಪ್ಪುಬಿಳುಪು ಕ್ಯೂಆರ್ ಚೌಕವನ್ನು ಫೋನಿಗೆ ತೋರಿಸಿದರೆ ಆ ಪಾಠಕ್ಕೆ ಸೇರಿದ ಚಲನಚಿತ್ರವೂ ಅಭ್ಯಾಸವೂ ತೆರೆಯುತ್ತವೆ. ಕ್ಯಾಮೆರಾ ಮಸುಕಾಗಿದ್ದರೆ ಚೌಕದ ಕೆಳಗಿನ ಆರು ಅಕ್ಷರ-ಅಂಕಿಗಳನ್ನು ಬೆರಳಚ್ಚಿಸಿದರೂ ಸಾಕು. ಪುಸ್ತಕವೇ ಹರಿದುಹೋಗಿದ್ದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಇಡೀ ಪುಸ್ತಕ ಉಚಿತವಾಗಿ ಸಿಗುತ್ತದೆ. ಎಸ್ಸೆಸ್ಸೆಲ್ಸಿಯ ಮಾದರಿ ಪ್ರಶ್ನೆಪತ್ರಿಕೆಗಳನ್ನು ಪರೀಕ್ಷಾ ಮಂಡಳಿಯೇ ಪ್ರಕಟಿಸುತ್ತದೆಯಾದ್ದರಿಂದ ಅವಕ್ಕಾಗಿ ಯಾರಿಗೂ ಹಣ ತೆರಬೇಕಾಗಿಲ್ಲ. ಮನೆಯಲ್ಲಿ ಫೋನು ಒಂದೇ ಇದ್ದು ಅದೂ ತಂದೆಯ ಜೇಬಿನಲ್ಲಿ ಕೆಲಸಕ್ಕೆ ಹೋಗುವ ಮನೆಗಳ ಮಕ್ಕಳಿಗೆ, ‘ಅರಿವು ಕೇಂದ್ರ’ಗಳೆಂದು ಹೆಸರು ಪಡೆದಿರುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಆಸರೆಯಾಗುತ್ತವೆ, 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವಯಸ್ಸಿನ ಮಕ್ಕಳಿಗೆ ಅಲ್ಲಿ ಸದಸ್ಯತ್ವವು ಉಚಿತವಾಗಿದೆ.

ಅರ್ಜಿಗಳು

ರಾಜ್ಯ ವಿದ್ಯಾರ್ಥಿವೇತನದ ‘ಎಸ್‌ಎಸ್‌ಪಿ’ ಪೋರ್ಟಲ್‌ನಲ್ಲಿ ಅರ್ಜಿ ಹಾಕುವವರಿಗೆ ಮಗುವಿನ ಸ್ಯಾಟ್ಸ್ ಸಂಖ್ಯೆ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಮೇಲಿರುವ ಆರ್‌ಡಿ ನಂಬರ್, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಬೇಕಾಗುತ್ತವೆ. ಪ್ರಮಾಣಪತ್ರಗಳನ್ನು ನಾಡಕಚೇರಿಯ ಜಾಲತಾಣದಲ್ಲಿಯೇ ಕೋರಬಹುದು. ಕೈಗೂಡದವರಿಗೆ ಹಳ್ಳಿಯಲ್ಲಿ ಗ್ರಾಮ ಒನ್, ನಗರದಲ್ಲಿ ಕರ್ನಾಟಕ ಒನ್ ಕೇಂದ್ರಗಳಿವೆ. ಅರ್ಜಿಗೆ ಕಾಲಮಿತಿಯನ್ನು ವಿಧಿಸಿರುವ ಸಕಾಲ ಕಾಯಿದೆಯು 2012ರಿಂದ ನಡೆದುಬಂದಿರುವುದರಿಂದ, ಸ್ವೀಕೃತಿಯ ಸಂಖ್ಯೆಯನ್ನು ಕೇಳಿ ಪಡೆಯುವುದು ಅರ್ಜಿದಾರನ ಹಕ್ಕು. ಈ ಜಿಲ್ಲೆಯವರು ಮರೆಯಬಾರದ ಇನ್ನೊಂದು ಕಾಗದವುಂಟು. ಸಂವಿಧಾನದ 371(ಜೆ) ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಪ್ರತಿಶತ 70ರಷ್ಟು ಸ್ಥಾನಗಳು ಮೀಸಲಾಗಿದ್ದು, ಅದರ ಅರ್ಹತಾ ಪ್ರಮಾಣಪತ್ರವನ್ನು ಕಾಲೇಜಿನ ಪ್ರವೇಶದ ನೂಕುನುಗ್ಗಲಿಗೆ ಮುನ್ನವೇ ಮಾಡಿಸಿಟ್ಟುಕೊಂಡವರು ನಿಶ್ಚಿಂತರು.

ರಕ್ಷಣೆ

ಮಗುವಿಗೆ ಹಿಂಸೆ, ಬಾಲ್ಯವಿವಾಹದ ಸಿದ್ಧತೆ, ದುಡಿಮೆಗೆ ದೂಡುವಿಕೆ ಕಂಡುಬಂದಾಗ 1098. ಮೋಸದಿಂದ ಹಣ ಹೋದಾಗ ತಡಮಾಡದೆ 1930. ಮನಸ್ಸಿನ ಬೇಗುದಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸದ 14416. ಈ ಮೂರು ಸಂಖ್ಯೆಗಳನ್ನು ಅಡುಗೆಮನೆಯ ಗೋಡೆಯ ಮೇಲೆ ಬರೆದಿಟ್ಟುಕೊಂಡರೂ ತಪ್ಪಿಲ್ಲ. ಬಾಣಂತಿಯ ಖಿನ್ನತೆಯೂ, ಪರೀಕ್ಷೆಯ ಫಲಿತಾಂಶದ ಮರುದಿನ ಬಾಗಿಲು ಹಾಕಿಕೊಂಡ ಹುಡುಗನ ಮೌನವೂ ಕೊನೆಯ ಸಂಖ್ಯೆಗೆ ಸಂಬಂಧಪಟ್ಟವುಗಳೆಂದು ತಿಳಿಯಬೇಕು. ಫೋನಿನ ಬಳಕೆಯೇ ವ್ಯಸನವಾದವರಿಗೆ ನಿಮ್ಹಾನ್ಸ್ 2014ರಿಂದ ಪ್ರತ್ಯೇಕ ಚಿಕಿತ್ಸಾಲಯ ನಡೆಸುತ್ತಿದೆ. ಒಂದು ವರ್ಷ ತುಂಬದ ಶಿಶುವಿಗೆ ಪರದೆಯನ್ನು ತೋರಿಸಲೇಬಾರದೆಂದೂ, ಎರಡರಿಂದ ನಾಲ್ಕು ವಯಸ್ಸಿನವರಿಗೆ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸೂಚಿಸಿತು. ಊಟದ ಹೊತ್ತಿಗೆ ಕೂಸಿನ ಕೈಗೆ ಫೋನು ಕೊಡುವ ಇಂದಿನ ರೂಢಿಯನ್ನು ಈ ಮಾತಿನ ಬೆಳಕಿನಲ್ಲಿ ಮನೆಯವರೆಲ್ಲರೂ ಪುನರ್ವಿಮರ್ಶಿಸಬೇಕಾಗಿದೆ.

ಪರೀಕ್ಷಿಸುವ ಬಗೆ

ಇಲ್ಲಿ ಹೆಸರಿಸಿದವು ನಾಳೆ ಬದಲಾಗಬಹುದು, ಹೊಸವು ಹುಟ್ಟಬಹುದು. ಆದುದರಿಂದ ಹೆಸರುಗಳಿಗಿಂತ ಪರೀಕ್ಷೆಯ ಕ್ರಮವನ್ನು ಕಲಿತಿರುವುದು ಮೇಲು. ಹೇಳುತ್ತಿರುವವರು ಯಾರು, ಯಾವಾಗ ಹೇಳಿದರು, ಹೇಳಿದುದರಿಂದ ಅವರಿಗೆ ಲಾಭವೇನು ಎಂಬ ಮೂರು ಪ್ರಶ್ನೆಗಳನ್ನು ಮೊದಲು ಕೇಳಬೇಕು. ಎರಡು ವರ್ಷಕ್ಕೆ ಕಿರಿಯ ಮಕ್ಕಳ ಹಾಲಿನಪುಡಿ ಮತ್ತು ಸಿದ್ಧ ಶಿಶು ಆಹಾರಗಳ ಜಾಹೀರಾತನ್ನು 1992ರ ಕಾಯಿದೆಯು, ಅದಕ್ಕೆ 2003ರಲ್ಲಿ ಆದ ತಿದ್ದುಪಡಿಯೊಡನೆ, ನಿಷೇಧಿಸಿದೆ. ಹೀಗಿರುವಾಗ ನಗುಮೊಗದ ತಾಯಿಯೊಬ್ಬಳು ಕಿರುಚಿತ್ರದಲ್ಲಿ ಅಂತಹ ಡಬ್ಬಿಯನ್ನು ಹೊಗಳುತ್ತಿದ್ದರೆ, ಅವಳ ಮಾತಿನಲ್ಲಿ ಮಮತೆಗಿಂತ ವ್ಯಾಪಾರ ಹೆಚ್ಚೆಂದು ಊಹಿಸುವುದು ನ್ಯಾಯವೇ ಸರಿ.

ನಾಲ್ಕನೆಯ ಪ್ರಶ್ನೆಯು ನಮ್ಮ ಊರಿಗೆ ಸೇರಿದ್ದು: ಈ ಮಾತನ್ನು ಇಲ್ಲಿ ಯಾರೊಡನೆ ತಾಳೆ ನೋಡಬಲ್ಲೆ? ಲಸಿಕೆಯ ಸಂದೇಹವನ್ನು ಆಶಾ ಕಾರ್ಯಕರ್ತೆಯೊಡನೆ, ಪಾಠದ ಸಂದೇಹವನ್ನು ಮೇಷ್ಟರೊಡನೆ, ಅರ್ಜಿಯ ಸಂದೇಹವನ್ನು ನಾಡಕಚೇರಿಯವರೊಡನೆ ಕೇಳಿ ದೃಢಪಡಿಸಿಕೊಂಡ ತಿಳಿವಳಿಕೆಯೇ ನಿಜವಾಗಿ ನಮ್ಮದಾಗುತ್ತದೆ. ಮನೆಯ ಫೋನಿನ ಗುಪ್ತಸಂಖ್ಯೆಯು ಗಂಡಸರಿಗೆ ಮಾತ್ರ ತಿಳಿದಿರುವ ಕಡೆ ಈ ಯಾವ ನೆರವೂ ತಾಯಿಯನ್ನು ಮುಟ್ಟುವುದಿಲ್ಲ. ತಾಯಿಯನ್ನು ಮುಟ್ಟದ ನೆರವು ಮಗುವನ್ನು ಮುಟ್ಟುವುದು ದುರ್ಲಭ. ಸಿರುಗುಪ್ಪದ ಗದ್ದೆಯಲ್ಲಿ ನಾಟಿ ಮಾಡುವವಳಿಗೂ, ಕುರುಗೋಡಿನ ಮೆಣಸಿನಕಾಯಿ ಕಣದಲ್ಲಿ ದುಡಿಯುವವಳಿಗೂ, ಬಳ್ಳಾರಿಯ ಹೊಲಿಗೆ ಮಿಷನ್ನಿನ ಮುಂದೆ ಕುಳಿತವಳಿಗೂ ದಿನಕ್ಕೆ ಅರ್ಧ ಗಂಟೆಯಾದರೂ ಫೋನು ಆಕೆಯ ಕೈಯಲ್ಲಿರುವಂತೆ ನೋಡಿಕೊಳ್ಳುವುದು, ಮನೆಯ ಉಳಿದವರು ಈ ಅಧ್ಯಾಯವನ್ನು ಓದಿ ಮಾಡಬಹುದಾದ ಮೊದಲ ಕೆಲಸ.