ಹೂವಿನಜ್ಜಿಗೆ ಹತ್ತು ನಿಮಿಷ, ನಮಗೆ ಹದಿನೆಂಟು

ನಮ್ಮ ಬಸ್‌ಸ್ಟಾಪಿನ ಪಕ್ಕ ಹೂವಿನ ಬುಟ್ಟಿ ಇಟ್ಟುಕೊಂಡು ಕೂರುವ ಅಜ್ಜಿಗೂ ನಮಗೂ ಒಂದೇ ಒಂದು ವಿಷಯದಲ್ಲಿ ತಕರಾರು. "ಹತ್ತು ನಿಮಿಷಕ್ಕೊಂದು ಬಸ್ಸು ಬರ್ತಾನೇ ಇರ್ತದೆ ಟೀಚರಮ್ಮ, ಸುಮ್‌ಸುಮ್ನೆ ಗೊಣಗ್ತೀರ" ಅನ್ನುತ್ತಾಳೆ ಆಕೆ. "ಎಲ್ಲಿ ಅಜ್ಜಿ, ಕಾಲು ಗಂಟೆ ಮೇಲಾಯ್ತು" ಅನ್ನುವುದು ಸ್ಟಾಪಿನಲ್ಲಿ ನಿಂತ ನಮ್ಮೆಲ್ಲರ ರಾಗ. ಬೆಳಗಿನಿಂದ ಮಧ್ಯಾಹ್ನದವರೆಗೆ ಅಲ್ಲಿಂದ ಕದಲದವಳ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಬಿಸಿಲಲ್ಲಿ ಕಾದವರದೂ ಸುಳ್ಳಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನನಗೆ ಈ ಜಗಳ ಬಲು ಇಷ್ಟ, ಯಾಕೆಂದರೆ ಎರಡು ಕಡೆಯವರ ಲೆಕ್ಕವೂ ಸರಿ.

ಗಂಟೆಗೆ 6 ಬಸ್ಸು ಅಂತಿಟ್ಟುಕೊಳ್ಳಿ. ಸರಾಸರಿ ಅಂತರ 10 ನಿಮಿಷ. ಗಡಿಯಾರ ನೋಡಿಕೊಂಡು ಬಂದ ಹಾಗೆ ಅವು ಬಂದರೆ, ಹೊತ್ತುಗೊತ್ತಿಲ್ಲದೆ ಸ್ಟಾಪಿಗೆ ಬರುವ ನಾವು ಸರಾಸರಿ 5 ನಿಮಿಷ ಕಾದರೆ ಸಾಕು. ಆದರೆ ಬಸ್ಸುಗಳಿಗೆ ಜೋಡಿಯಾಗಿ ಬರುವ ಚಾಳಿ. ಒಂದು ಬಂದ 2 ನಿಮಿಷಕ್ಕೇ ಅದರ ಬೆನ್ನಿಗೆ ಇನ್ನೊಂದು, ಆಮೇಲೆ 18 ನಿಮಿಷ ರಸ್ತೆಯೆಲ್ಲ ಖಾಲಿ. ಅಜ್ಜಿ ಎಣಿಸುವುದು ಬಸ್ಸುಗಳನ್ನು. ಅವಳಿಗೆ ಗಂಟೆಗೆ ಈಗಲೂ 6 ಬಸ್ಸು, ಸರಾಸರಿ ಅಂತರ ಈಗಲೂ 10 ನಿಮಿಷ. ನಮ್ಮ ಪಾಡು ಬೇರೆ. ಕಣ್ಣು ಮುಚ್ಚಿ ಗದ್ದೆ ಬಯಲಿಗೆ ಕಲ್ಲೆಸೆದರೆ ಅದು ದೊಡ್ಡ ಗದ್ದೆಗೇ ಬೀಳುವುದು ಹೆಚ್ಚು. ನಾವು ಹಾಗೆ ಬೀಳುವ ಕಲ್ಲುಗಳು. 20 ನಿಮಿಷದಲ್ಲಿ 18 ನಿಮಿಷವನ್ನು ದೊಡ್ಡ ಅಂತರವೇ ನುಂಗಿರುವುದರಿಂದ ಹತ್ತರಲ್ಲಿ ಒಂಬತ್ತು ಜನ ಅದರೊಳಕ್ಕೇ ಬಂದು ಸಿಕ್ಕಿಕೊಳ್ಳುತ್ತಾರೆ. ಆ ಒಂಬತ್ತು ಜನ ಸರಾಸರಿ 9 ನಿಮಿಷ ಕಾಯುತ್ತಾರೆ, ಉಳಿದ ಪುಣ್ಯಾತ್ಮ 1 ನಿಮಿಷ. ಒಟ್ಟು 82 ನಿಮಿಷ, ತಲೆಗೆ 8.2. ಒಂದು ಬಸ್ಸೂ ಕಡಿಮೆಯಾಗಿಲ್ಲ, ಕಾಯುವುದು ಮಾತ್ರ 5ರಿಂದ 8.2ಕ್ಕೆ ಏರಿತು. ಬಸ್ಸುಗಳು ಒಂದಕ್ಕೊಂದು ಸಂಬಂಧವೇ ಇಲ್ಲದೆ ಮನಸ್ಸಿಗೆ ಬಂದಾಗ ಬಂದರಂತೂ ಸರಾಸರಿ ಪೂರ್ತಿ 10 ನಿಮಿಷವೇ ಕಾಯಬೇಕು. ಇದಕ್ಕೆ ಹಣೆಬರಹವನ್ನು ಬೈಯುವವರಿದ್ದಾರೆ. ಬೈಯಬೇಕಾದದ್ದು ಅಂತರಗಳ ಏರುಪೇರನ್ನು.

ಇದೇ ಚಮತ್ಕಾರವನ್ನು ಮಕ್ಕಳಿಗೆ ತೋರಿಸಲು ನಾನು ಬಸ್ಸಿನ ಸುದ್ದಿ ಎತ್ತುವುದಿಲ್ಲ. "ನಿಮ್ಮನೇಲಿ ನೀವೆಷ್ಟು ಜನ ಮಕ್ಕಳು?" ಅಂತ ಕೇಳುತ್ತೇನೆ. ಬೋರ್ಡಿನ ಮೇಲೆ ನಾಲ್ಕು ಮನೆ ಬರೆಯುತ್ತೇನೆ. ಮೂರು ಮನೆಯಲ್ಲಿ ಒಂದೊಂದು ಮಗು, ನಾಲ್ಕನೆಯದರಲ್ಲಿ ಐದು. ಮನೆಗೆ ಸರಾಸರಿ 2. ಆದರೆ ಆ ಎಂಟು ಮಕ್ಕಳನ್ನೇ ಒಬ್ಬೊಬ್ಬರಾಗಿ ಕೇಳಿದರೆ ಮೂವರು "ಒಂದು" ಅನ್ನುತ್ತಾರೆ, ಐವರು "ಐದು" ಅನ್ನುತ್ತಾರೆ, ಸರಾಸರಿ 3.5. ಮಕ್ಕಳಿಲ್ಲದ ಮನೆಯಿಂದ ಯಾರೂ ಶಾಲೆಗೆ ಬರುವುದಿಲ್ಲವಲ್ಲ, ಆ ಮನೆಗಳು ಈ ಲೆಕ್ಕಕ್ಕೇ ಸಿಗುವುದಿಲ್ಲ. ತರಗತಿಯಲ್ಲಿ ಕೈ ಎತ್ತಿಸಿ ಊರಿನ ಜನಗಣತಿ ಮಾಡಲಾಗುವುದಿಲ್ಲ ಎಂಬುದು ಹೀಗೆ ಹತ್ತೇ ನಿಮಿಷದಲ್ಲಿ ಎಂಟನೇ ಕ್ಲಾಸಿಗೂ ಅರ್ಥವಾಗುತ್ತದೆ. "ಬಸ್ಸು ಯಾವಾಗಲೂ ರಶ್ಶು" ಅನ್ನುವುದೂ ಇದೇ ಜಾತಿಯದು: ರಶ್ಶಿನ ಬಸ್ಸಿಗೆ ಸಾಕ್ಷಿ ಹೇಳಲು ಎಪ್ಪತ್ತು ಜನ, ಖಾಲಿ ಬಸ್ಸಿಗೆ ಡ್ರೈವರು, ಕಂಡಕ್ಟರು ಇಬ್ಬರೇ. ಅಮೆರಿಕದ ಸ್ಕಾಟ್ ಫೆಲ್ಡ್ ಎಂಬ ಸಮಾಜಶಾಸ್ತ್ರಜ್ಞ 1991ರಲ್ಲಿ ಇದನ್ನು ಸ್ನೇಹಕ್ಕೂ ಹಚ್ಚಿ ನೋಡಿದ. ಹೆಚ್ಚಿನವರ ಸ್ನೇಹಿತರಿಗೆ ಅವರಿಗಿಂತ ಹೆಚ್ಚು ಸ್ನೇಹಿತರಿರುತ್ತಾರೆ, ಯಾಕೆಂದರೆ ಬಹಳ ಗೆಳೆಯರಿರುವವನು ಬಹಳ ಜನರ ಪಟ್ಟಿಯಲ್ಲಿ ಇದ್ದೇ ಇರುತ್ತಾನೆ.

ಬಸ್ಸುಗಳು ಜೋಡಿಯಾಗುವುದಾದರೂ ಏಕೆ? ನಮ್ಮವರು ಡ್ರೈವರುಗಳು ಹರಟೆಗೆ ನಿಂತಿದ್ದರು ಅಂತ ಸಲೀಸಾಗಿ ಹೇಳಿಬಿಡುತ್ತಾರೆ. ಗಾರ್ಡನ್ ನ್ಯೂವೆಲ್ ಮತ್ತು ರೆನ್‌ಫ್ರೀ ಪಾಟ್ಸ್ ಎಂಬ ಸಂಶೋಧಕರು 1964ರಲ್ಲೇ ಇದಕ್ಕೆ ಲೆಕ್ಕ ಕಟ್ಟಿದ್ದರು. ಮುಂದಿನ ಬಸ್ಸು ಸಿಗ್ನಲ್ಲಿನಲ್ಲಿ ಒಂದು ನಿಮಿಷ ಸಿಕ್ಕಿಕೊಂಡಿತು ಅನ್ನಿ. ಆ ಒಂದು ನಿಮಿಷದಲ್ಲಿ ಮುಂದಿನ ಸ್ಟಾಪಿಗೆ ಇನ್ನಷ್ಟು ಜನ ಬಂದು ಸೇರಿರುತ್ತಾರೆ. ಅವರು ಚೀಲ, ಕೂಸು, ಕೊಡೆ ಸಮೇತ ಹತ್ತುವಷ್ಟರಲ್ಲಿ ಇನ್ನಷ್ಟು ತಡ. ಅದರ ಮುಂದಿನ ಸ್ಟಾಪಿನಲ್ಲಿ ಇನ್ನೂ ಹೆಚ್ಚು ಜನ. ಹಿಂದಿನ ಬಸ್ಸಿನದು ಉಲ್ಟಾ ಕಥೆ. ಅದಕ್ಕೆ ಸಿಗುವುದು ಮುಂದಿನದು ಬಿಟ್ಟುಹೋದ ಒಬ್ಬಿಬ್ಬರು, ಹಾಗಾಗಿ ನಿಲ್ಲುವ ಕೆಲಸ ಕಡಿಮೆ, ಓಟ ಜಾಸ್ತಿ. ಕೊನೆಗೆ ಒಂದರ ಬಾಲಕ್ಕೆ ಇನ್ನೊಂದು ಅಂಟುತ್ತದೆ. ಯಾರದೂ ತಪ್ಪಿಲ್ಲ, ಸುಮ್ಮನೆ ಬಿಟ್ಟರೆ ಸಮನಾದ ಅಂತರ ಹೆಚ್ಚು ಹೊತ್ತು ಬಾಳುವುದಿಲ್ಲ, ಅಷ್ಟೆ. ಅದಕ್ಕೇ, ಬಹಳ ಹೊತ್ತು ಕಾಯಿಸಿ ಗಿಜಿಗುಡುತ್ತಾ ಬಂದ ಬಸ್ಸನ್ನು ಸಾಧ್ಯವಾದಷ್ಟು ಮಟ್ಟಿಗೆ ನಾನು ಹತ್ತುವುದಿಲ್ಲ. ಹಿಂದೆಯೇ ಬರುವುದರಲ್ಲಿ ಸೀಟು ಸಿಗುವ ಸಂಭವ ಹೆಚ್ಚು.

ಮದ್ದು ಇದೆ. ಜಾನ್ ಬಾರ್ತೋಲ್ಡಿ ಮತ್ತು ಡೊನಾಲ್ಡ್ ಐಸೆನ್‌ಸ್ಟೀನ್ ಎಂಬಿಬ್ಬರು ವೇಳಾಪಟ್ಟಿಯನ್ನೇ ಪಕ್ಕಕ್ಕಿಟ್ಟು ಒಂದು ನಿಯಮ ಮಾಡಿದರು. ಗೊತ್ತಾದ ಜಾಗದಲ್ಲಿ ಬಸ್ಸು ನಿಲ್ಲಬೇಕು, ತನ್ನ ಹಿಂದಿನ ಬಸ್ಸು ಎಷ್ಟು ಹಿಂದಿದೆಯೋ ಅದಕ್ಕೆ ತಕ್ಕಷ್ಟು ಹೊತ್ತು ಕಾದು ಹೊರಡಬೇಕು. ಅಂತರಗಳು ತಾವಾಗಿಯೇ ಸಮನಾಗುತ್ತಾ ಹೋಗುತ್ತವೆ. ಅಟ್ಲಾಂಟಾದ ಜಾರ್ಜಿಯಾ ಟೆಕ್ ಕ್ಯಾಂಪಸ್ಸಿನ ಬಸ್ಸುಗಳಲ್ಲಿ ಇದನ್ನು ಓಡಿಸಿಯೂ ನೋಡಿ 2012ರಲ್ಲಿ ಪ್ರಕಟಿಸಿದರು.

ನಮ್ಮ 18–2ರ ಜೋಡಿಗೆ ಇನ್ನೂ ಸರಳವಾಗಿ, ಹಿಂದಿನ ಬಸ್ಸನ್ನು ಒಮ್ಮೆ 8 ನಿಮಿಷ ತಡೆದರೂ ಸಾಕು, ಎರಡೂ ಅಂತರ 10 ಆಗುತ್ತದೆ. ಹೇಗೂ ಅದರಲ್ಲಿರುವುದು ಕೆಲವೇ ಜನ. ಮುಂದಿನ ಸ್ಟಾಪುಗಳಲ್ಲಿ ಕಾಯುವ ಪ್ರತಿಯೊಬ್ಬರಿಗೂ ಸರಾಸರಿ ಮೂರು ನಿಮಿಷಕ್ಕೂ ಮಿಕ್ಕಿ ಉಳಿತಾಯ. ಈ ಲೆಕ್ಕವನ್ನು ಪರಿಚಯದ ಕಂಡಕ್ಟರೊಬ್ಬರ ಮುಂದಿಟ್ಟೆ. ಟಿಕೆಟ್ ಹರಿಯುತ್ತಲೇ ಪೂರ್ತಿ ಕೇಳಿಸಿಕೊಂಡರು. "ಲೆಕ್ಕ ಸರಿಯಾಗೇ ಇದೆ ಮೇಡಂ. ಆದ್ರೆ ಮುಂದಿನ ಸ್ಟಾಪಲ್ಲಿರೋರು ಅಲ್ಲಿಂದ ಕೂಗಿ ಥ್ಯಾಂಕ್ಸ್ ಹೇಳಲ್ಲ. ಒಳಗಿರೋರು ಮಾತ್ರ ಎರಡನೇ ನಿಮಿಷಕ್ಕೇ ಬಸ್ಸಿನ ಮೈ ಬಡಿಯೋಕೆ ಶುರು ಮಾಡ್ತಾರೆ."