ಗಲ್ಲಾ ಪೆಟ್ಟಿಗೆಯ ಮೂರು ವರ್ಷ ಬಯೋಡೇಟಾದಲ್ಲಿ ಏಕಿಲ್ಲ?

ಮೊದಲ ಸಂದರ್ಶನಕ್ಕೆ ಹೊರಟ ನಮ್ಮ ಮಕ್ಕಳಿಗೂ ಅವರ ಹೆತ್ತವರಿಗೂ ನಾಲ್ಕು ಮಾತು

ಜೂನ್ ತಿಂಗಳು ಬಂತೆಂದರೆ ಮುಂಬಯಿಯ ನಮ್ಮ ಸಂಘ-ಸಂಸ್ಥೆಗಳಲ್ಲಿ ಪುಸ್ತಕ ವಿತರಣೆ, ವಿದ್ಯಾರ್ಥಿವೇತನ, ಪ್ರತಿಭಾ ಪುರಸ್ಕಾರಗಳ ಸಂಭ್ರಮ ಶುರುವಾಗುತ್ತದೆ. ಹತ್ತನೆಯ ತರಗತಿಯಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳಿಗೆ ಶಾಲು, ಪುಷ್ಪಗುಚ್ಛ, ವೇದಿಕೆಯಲ್ಲೊಂದು ಫೋಟೋ. ಅದು ಒಳ್ಳೆಯದೇ. ಆದರೆ ಪದವಿ ಮುಗಿಸಿ, ಕೈಯಲ್ಲೊಂದು ಫೈಲು ಹಿಡಿದು, ಜೀವನದ ಮೊದಲ ಸಂದರ್ಶನಕ್ಕೆ ಲೋಕಲ್ ಟ್ರೈನ್ ಹತ್ತುವ ನಮ್ಮ ಹುಡುಗ-ಹುಡುಗಿಯರ ಕಡೆಗೆ ನಮ್ಮ ಗಮನ ಹರಿಯುವುದು ಕಡಿಮೆ. ಅವರಿಗೆ ನಿಜವಾಗಿ ಕೈಹಿಡಿಯುವವರು ಬೇಕಾಗಿರುವುದು ಆ ದಿನಗಳಲ್ಲೇ.

ಕಳೆದ ವರ್ಷ ನಡೆದ ಒಂದು ಸಂಗತಿ ಹೇಳುತ್ತೇನೆ. ಡೊಂಬಿವಲಿಯಲ್ಲಿ ನಾವಿರುವ ಕಟ್ಟಡದ ಮೂರನೇ ಮಾಳಿಗೆಯಲ್ಲಿ ನಮ್ಮೂರ ಕಡೆಯದೇ ಒಂದು ಕುಟುಂಬವಿದೆ. ಮಗ ಬಿಕಾಂ ಪಾಸಾಗಿದ್ದ. ಅವರ ಮನೆತನದಲ್ಲಿ ಪದವಿ ಪಡೆದ ಮೊದಲಿಗ ಅವನೇ. ಎರಡು ಕಂಪೆನಿಗಳ ಸಂದರ್ಶನಕ್ಕೆ ಹೋಗಿ ಎರಡರಿಂದಲೂ ಉತ್ತರ ಬಾರದೆ ಮಂಕಾಗಿ ಕುಳಿತಿದ್ದ. ಒಂದು ಆದಿತ್ಯವಾರ ಅವನ ತಾಯಿ ಬಂದು, ''ಅಣ್ಣಾ, ನೀವು ಬ್ಯಾಂಕಿನಲ್ಲಿರುವವರು, ಅವನ ಹತ್ತಿರ ಒಮ್ಮೆ ಮಾತಾಡಿ'' ಎಂದರು.

ಹುಡುಗ ಬಯೋಡೇಟಾ ತಂದ. ಒಂದೇ ಪುಟ, ಚಂದವಾಗಿ ಪ್ರಿಂಟ್ ತೆಗೆದದ್ದು. ಮೇಲ್ಗಡೆ ಎಲ್ಲಿಂದಲೋ ನಕಲು ಮಾಡಿದ ಇಂಗ್ಲಿಷಿನ ನಾಲ್ಕು ಸಾಲು ಗುರಿ. ಹವ್ಯಾಸ: ಓದು ಮತ್ತು ಸಂಗೀತ. ಅನುಭವ: ಫ್ರೆಷರ್.

''ಕಾಲೇಜು ಬೆಳಿಗ್ಗೆ ಅಲ್ವಾ? ಸಂಜೆ ಏನು ಮಾಡ್ತಿದ್ದೆ?'' ಎಂದು ಕೇಳಿದೆ.

''ಮಾವನ ಹೊಟೇಲಿನಲ್ಲಿ ಗಲ್ಲಾದಲ್ಲಿ ಕೂತ್ಕೊಳ್ತಿದ್ದೆ ಅಂಕಲ್. ಆರರಿಂದ ಹನ್ನೊಂದರವರೆಗೆ.''

''ಎಷ್ಟು ವರ್ಷ?''

''ಮೂರು ವರ್ಷ.''

''ಅದು ಇದರಲ್ಲಿ ಯಾಕಿಲ್ಲ?''

ಹುಡುಗ ತಲೆ ತಗ್ಗಿಸಿದ. ''ಅದನ್ನೆಲ್ಲ ಬರೀತಾರಾ ಅಂಕಲ್? ಹೊಟೇಲು ಅಂದರೆ ನಗ್ತಾರೆ.''

ಈ ಮಾತು ಕೇಳಿ ನನಗೆ ನನ್ನದೇ ಸಂದರ್ಶನ ನೆನಪಾಯಿತು.

ಕ್ಯಾಂಟೀನಿನಿಂದ ಕೌಂಟರಿಗೆ

ಊರಿನಲ್ಲಿ ಪಿಯುಸಿ ಮುಗಿಸಿ ಮುಂಬಯಿಗೆ ಬಂದ ನಾನು ಹಗಲು ಫೋರ್ಟಿನ ಒಂದು ಕ್ಯಾಂಟೀನಿನಲ್ಲಿ ಬಿಲ್ ಬರೆಯುತ್ತಿದ್ದೆ, ಸಂಜೆ ಕಾಲೇಜಿಗೆ ಹೋಗುತ್ತಿದ್ದೆ. ನನಗಿಂತ ಹಿಂದಿನ ತಲೆಮಾರಿನವರು ಹೊಟೇಲಿನಲ್ಲಿ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಎಸ್‌ಎಸ್‌ಸಿ ಮುಗಿಸಿದವರು. ಅವರ ದಾರಿಯಲ್ಲೇ ನಾನೂ ನಡೆದೆ ಎನ್ನಬಹುದು. ಬಿಕಾಂ ಆದ ಮೇಲೆ ಬ್ಯಾಂಕಿಂಗ್ ಸರ್ವಿಸ್ ರಿಕ್ರೂಟ್‌ಮೆಂಟ್ ಬೋರ್ಡಿನ ಲಿಖಿತ ಪರೀಕ್ಷೆ ಪಾಸಾಗಿ ಸಂದರ್ಶನಕ್ಕೆ ಕರೆ ಬಂತು. ಆಗ ಕ್ಲರ್ಕ್ ಹುದ್ದೆಗೂ ಸಂದರ್ಶನವಿತ್ತು. ರೂಮಿನ ಗೆಳೆಯನ ಬೂಟು, ಇನ್ನೊಬ್ಬನ ಶರ್ಟು ಹಾಕಿಕೊಂಡು ಹೋದೆ. ಬೂಟು ಒಂದು ನಂಬರು ದೊಡ್ಡದಾಗಿತ್ತು.

ಮೂವರು ಕುಳಿತಿದ್ದರು. ''ಹಗಲು ಏನು ಮಾಡುತ್ತೀರಿ?'' ಎಂದು ಒಬ್ಬರು ಕೇಳಿದರು. ''ಪ್ರೈವೇಟ್ ಸರ್ವಿಸ್'' ಎಂದೆ. ''ಎಲ್ಲಿ?'' ಎಂದರು. ಬೆವರೊರೆಸಿಕೊಂಡು ''ಕ್ಯಾಂಟೀನಿನಲ್ಲಿ, ಸರ್'' ಎಂದೆ. ಇನ್ನು ಕಥೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಅವರು ಮುಂದಕ್ಕೆ ಬಾಗಿ, ''ರಾತ್ರಿ ಹಣ ಲೆಕ್ಕಕ್ಕೆ ಸರಿಹೋಗದಿದ್ದರೆ ಏನು ಮಾಡುತ್ತೀರಿ?'' ಎಂದು ಕೇಳಿದರು. ಅದು ನನಗೆ ಗೊತ್ತಿದ್ದ ವಿಷಯ. ಬಿಲ್ ಪುಸ್ತಕದ ನಂಬರುಗಳನ್ನು ಹೇಗೆ ತಾಳೆ ನೋಡುತ್ತೇವೆ, ಸಾಲದ ಗಿರಾಕಿಗಳ ಪುಸ್ತಕ ಹೇಗಿಡುತ್ತೇವೆ, ಹಾಲಿನವನ ಲೆಕ್ಕ ವಾರಕ್ಕೊಮ್ಮೆ ಹೇಗೆ ಚುಕ್ತಾ ಮಾಡುತ್ತೇವೆ ಎಂದೆಲ್ಲ ಹೇಳಿದೆ. ಇಂಗ್ಲಿಷ್ ಅಲ್ಲಲ್ಲಿ ತಪ್ಪಿತು, ಲೆಕ್ಕ ತಪ್ಪಲಿಲ್ಲ. ಅಂದು ನನ್ನ ಮಾತು ನಿಲ್ಲದೆ ಸಾಗಿದ್ದು ಆ ಒಂದು ವಿಷಯದಲ್ಲಿ ಮಾತ್ರ. ಯಾವುದನ್ನು ಅಡಗಿಸಲು ಹೋಗಿದ್ದೆನೋ ಅದೇ ನನ್ನ ಕೈ ಹಿಡಿಯಿತು.

ಗಲ್ಲಾದಲ್ಲಿ ಕಲಿತದ್ದೇನು?

ಹುಡುಗನ ಹತ್ತಿರ ಒಂದು ಕಾಗದ ಕೊಟ್ಟು, ''ರಾತ್ರಿ ಹನ್ನೊಂದಕ್ಕೆ ಗಲ್ಲಾ ಮುಚ್ಚುವ ಮೊದಲು ಏನೇನು ಮಾಡ್ತಿದ್ದೆ, ಒಂದೊಂದಾಗಿ ಬರಿ'' ಎಂದೆ. ಅವನು ಬರೆದದ್ದು ನೋಡಿ ನಾನೇ ಬೆರಗಾದೆ. ನಗದು ಬೇರೆ, ಯುಪಿಐ ಬೇರೆ, ಕಾರ್ಡು ಬೇರೆ ಎಂದು ವಿಂಗಡಿಸುವುದು. ಸ್ವಿಗ್ಗಿ, ಜೊಮಾಟೊದವರು ಕಮಿಷನ್ ಕಳೆದು ಬ್ಯಾಂಕಿಗೆ ಹಾಕುವ ಹಣವನ್ನು ಆರ್ಡರುಗಳೊಂದಿಗೆ ತಾಳೆ ನೋಡುವುದು. ತರಕಾರಿ, ಗ್ಯಾಸು, ಹಾಲಿನ ಬಿಲ್ಲುಗಳನ್ನು ಜೋಡಿಸಿಡುವುದು. ತಿಂಗಳ ಕೊನೆಗೆ ಜಿಎಸ್‌ಟಿ ಲೆಕ್ಕದವರಿಗೆ ಕಾಗದಪತ್ರ ಒಪ್ಪಿಸುವುದು. ಆ್ಯಪ್ ಮೂಲಕ ಹೋದ ಊಟ-ತಿಂಡಿಯ ಜಿಎಸ್‌ಟಿಯನ್ನು 2022ರ ಜನವರಿಯಿಂದ ಹೊಟೇಲಿನವರಲ್ಲ, ಆ್ಯಪ್ ಕಂಪೆನಿಯವರೇ ಸರಕಾರಕ್ಕೆ ಕಟ್ಟುತ್ತಾರೆ ಎಂಬುದೂ ಅವನಿಗೆ ಗೊತ್ತಿತ್ತು. ಬಿಕಾಂನ ಪುಸ್ತಕದಲ್ಲಿ ಓದಿದ ಬ್ಯಾಂಕ್ ರಿಕನ್ಸಿಲಿಯೇಶನ್ನನ್ನು ಈ ಹುಡುಗ ಮೂರು ವರ್ಷ ದಿನಾ ರಾತ್ರಿ ಮಾಡುತ್ತಿದ್ದ. ಆದರೂ ಕಾಗದದ ಮೇಲೆ ಅವನು ಫ್ರೆಷರ್!

ಇದು ಒಬ್ಬನ ಕಥೆಯಲ್ಲ. ತಾಯಿಯ ಜೊತೆ ಕೂತು ಚಕ್ಕುಲಿ, ಹಪ್ಪಳದ ಆರ್ಡರುಗಳ ಲೆಕ್ಕ ಇಡುವ ಹುಡುಗಿಯರಿದ್ದಾರೆ. ಚಾಳಿನ ಮಕ್ಕಳಿಗೆ ಟ್ಯೂಷನ್ ಹೇಳಿ ತಮ್ಮ ಫೀಸು ತಾವೇ ಕಟ್ಟಿದವರಿದ್ದಾರೆ. ಭಜನಾ ಮಂಡಳಿಯ ವಂತಿಗೆ ಪುಸ್ತಕ ಬರೆಯುವವರು, ಊರಿನಿಂದ ಬರುವ ಯಕ್ಷಗಾನ ಮೇಳದ ಆಟಕ್ಕೆ ಟಿಕೆಟು ಮಾರುವವರು, ಸಂಘದ ವಾರ್ಷಿಕೋತ್ಸವದಲ್ಲಿ ಐನೂರು ಜನರ ಊಟದ ವ್ಯವಸ್ಥೆ ನೋಡಿಕೊಂಡವರು ಇದ್ದಾರೆ. ಇವೆಲ್ಲ ಜವಾಬ್ದಾರಿಯ ಕೆಲಸಗಳೇ. ಆದರೆ ಬಯೋಡೇಟಾ ಬರೆಯುವಾಗ ಮಕ್ಕಳಿಗೆ ಇವು ನೆನಪಾಗುವುದಿಲ್ಲ. ಕೆಲವು ಮನೆಗಳಲ್ಲಿ ಹೆತ್ತವರೇ ''ಅದನ್ನೆಲ್ಲ ಹೇಳಬೇಡ'' ಎನ್ನುತ್ತಾರೆ. ದಯವಿಟ್ಟು ಹಾಗೆ ಹೇಳಬೇಡಿ.

ಹಾಗೆಂದು ಇಲ್ಲದ್ದನ್ನು ಸೇರಿಸಲೂಬಾರದು. ಬಯೋಡೇಟಾದ ಪ್ರತಿಯೊಂದು ಸಾಲಿನ ಮೇಲೂ ಎರಡು ಪ್ರಶ್ನೆ ಬರಬಹುದು ಎಂದು ತಿಳಿದೇ ಬರೆಯಬೇಕು. ಓದು ಹವ್ಯಾಸ ಎಂದು ಬರೆದರೆ ಕೊನೆಗೆ ಓದಿದ ಪುಸ್ತಕ ಯಾವುದು ಎಂದು ಕೇಳಿಯೇ ಕೇಳುತ್ತಾರೆ. ಟ್ಯಾಲಿ ಗೊತ್ತು ಎಂದು ಬರೆದರೆ ಕಂಪ್ಯೂಟರಿನ ಮುಂದೆ ಕೂರಿಸುತ್ತಾರೆ. ಒಂದು ವಿಷಯದಲ್ಲಿ ಅಂಕ ಕಡಿಮೆ ಬಂದಿದ್ದರೆ, ಕೆಟಿ ಉಳಿದಿದ್ದರೆ ಕಾರಣವನ್ನು ಒಂದೇ ವಾಕ್ಯದಲ್ಲಿ ನೇರವಾಗಿ ಹೇಳಿ ಮುಂದೆ ಹೋಗುವುದು ಲೇಸು.

ಮೊದಲು ನಮ್ಮ ಭಾಷೆಯಲ್ಲಿ

''ನಿಮ್ಮ ಬಗ್ಗೆ ಹೇಳಿ'' ಎಂಬುದು ಎಲ್ಲ ಕಡೆ ಬರುವ ಮೊದಲ ಪ್ರಶ್ನೆ. ಇದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಬಾಯಿಪಾಠ ಮಾಡಿದವರು ನಡುವೆ ಒಂದು ಶಬ್ದ ಮರೆತರೆ ಪೂರ್ತಿ ನಿಂತುಬಿಡುತ್ತಾರೆ. ನಾನು ಹುಡುಗನಿಗೆ ಹೇಳಿದ್ದು ಇಷ್ಟೇ: ಮೊದಲು ತುಳುವಿನಲ್ಲೋ ಕನ್ನಡದಲ್ಲೋ ಎರಡು ನಿಮಿಷ ನಿನ್ನ ಕಥೆ ಹೇಳು. ವಿಷಯ ಮನಸ್ಸಿನಲ್ಲಿ ಸರಿಯಾಗಿ ಕೂತ ಮೇಲೆ ಅದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳು. ದಿನಕ್ಕೆರಡು ಸಲ, ಜೋರಾಗಿ, ಮನೆಯವರ ಎದುರಿನಲ್ಲೇ. ತಂಗಿ ನಗಲಿ, ಪರವಾಗಿಲ್ಲ.

ಊರು ಯಾವುದೆಂದು ಕೇಳಿದಾಗ ಬರೇ ''ಉಡುಪಿ'' ಎಂದು ಸುಮ್ಮನಾಗಬೇಡಿ. ಬ್ಯಾಂಕಿನ ಸಂದರ್ಶನವಾದರೆ ಮುಂದಿನ ಪ್ರಶ್ನೆ ಅಲ್ಲಿಂದಲೇ ಬರಬಹುದು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕಟ್ಟಿದ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕು, 1924ರ ಕರ್ಣಾಟಕ ಬ್ಯಾಂಕು, 1925ರ ಸಿಂಡಿಕೇಟ್ ಬ್ಯಾಂಕು, 1931ರ ವಿಜಯಾ ಬ್ಯಾಂಕು, ಹೀಗೆ ಐದು ಬ್ಯಾಂಕುಗಳನ್ನು ದೇಶಕ್ಕೆ ಕೊಟ್ಟದ್ದು ನಮ್ಮ ಅವಿಭಜಿತ ದಕ್ಷಿಣ ಕನ್ನಡ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟು ಕೆನರಾದಲ್ಲಿ, ಕಾರ್ಪೊರೇಶನ್ನು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ನಮ್ಮ ಮಕ್ಕಳಿಗೆ ಇಷ್ಟಾದರೂ ತಿಳಿದಿರಬೇಕು.

ಸರಕಾರಿ ಬ್ಯಾಂಕುಗಳ ವಿಷಯ ಬಂದದ್ದರಿಂದ ಒಂದು ಮಾತು. ನಮ್ಮ ಕಾಲದ ಬೋರ್ಡುಗಳು ಈಗಿಲ್ಲ. ಸ್ಟೇಟ್ ಬ್ಯಾಂಕನ್ನು ಬಿಟ್ಟು ಉಳಿದ ಸರಕಾರಿ ಬ್ಯಾಂಕುಗಳಿಗೆ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆಯ ಕಚೇರಿ ನಮ್ಮ ಕಾಂದಿವಲಿ ಪೂರ್ವದಲ್ಲೇ ಇದೆ. ಕ್ಲರ್ಕ್ ಹುದ್ದೆಗೆ 2016ರಿಂದ ಸಂದರ್ಶನವಿಲ್ಲ, ಲಿಖಿತ ಪರೀಕ್ಷೆಯೇ ನಿರ್ಣಾಯಕ. ಪ್ರೊಬೇಶನರಿ ಆಫೀಸರ್ ಹುದ್ದೆಗೆ ಸಂದರ್ಶನ ಉಳಿದಿದೆ. ಅಲ್ಲಿ ಮುಖ್ಯ ಪರೀಕ್ಷೆಗೆ 80, ಸಂದರ್ಶನಕ್ಕೆ 20ರ ತೂಕ. ಕ್ಲರ್ಕ್ ಹುದ್ದೆಗೆ ಯಾವ ರಾಜ್ಯಕ್ಕೆ ಅರ್ಜಿ ಹಾಕುತ್ತೀರೋ ಆ ರಾಜ್ಯದ ಭಾಷೆ ಓದಲು, ಬರೆಯಲು, ಮಾತನಾಡಲು ಬರಬೇಕು. ಮುಂಬಯಿಯಲ್ಲಿ ಹುಟ್ಟಿದ ನಮ್ಮ ಅನೇಕ ಮಕ್ಕಳು ಮನೆಯಲ್ಲಿ ಕನ್ನಡ ಮಾತನಾಡುತ್ತಾರೆ, ಆದರೆ ಅಕ್ಷರ ಬಾರದು. ಕರ್ನಾಟಕದ ಹುದ್ದೆಗೆ ಅರ್ಜಿ ಹಾಕುವ ಮನಸ್ಸಿದ್ದರೆ ಸಂಘಗಳ ಕನ್ನಡ ಕಲಿಕಾ ತರಗತಿಗೆ ಇಂದೇ ಸೇರುವುದು ಒಳಿತು. ಇಲ್ಲಿಯೇ ಇರುವುದಾದರೆ ಮರಾಠಿಯನ್ನು ಗಟ್ಟಿ ಮಾಡಿಕೊಳ್ಳಿ.

ಹಿಂದಿನ ದಿನ, ಆ ದಿನ

ಅಂಕಪಟ್ಟಿಗಳು, ಆಧಾರ್, ಪಾನ್, ಫೋಟೋ, ಬಯೋಡೇಟಾದ ಮೂರು ಪ್ರತಿ ಒಂದೇ ಫೈಲಿನಲ್ಲಿರಲಿ. ಮೂಲ ಪ್ರಮಾಣಪತ್ರ ತೋರಿಸಿ, ನೆರಳಚ್ಚು ಪ್ರತಿ ಮಾತ್ರ ಕೊಡಿ. ಪದವಿಯ ಫಲಿತಾಂಶವೂ ಮಳೆಯೂ ಒಟ್ಟಿಗೇ ಬರುವ ಊರು ನಮ್ಮದು. ಫೈಲನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟೇ ಹೊರಡಿ. ಬಾಂದ್ರಾ-ಕುರ್ಲಾ ಸಂಕೀರ್ಣವಾಗಲಿ, ಅಂಧೇರಿಯ ಎಂಐಡಿಸಿಯಾಗಲಿ, ಐರೋಲಿಯಾಗಲಿ, ಸಾಧ್ಯವಾದರೆ ಹಿಂದಿನ ದಿನವೇ ಒಮ್ಮೆ ಹೋಗಿ ಗೇಟು ನೋಡಿ ಬನ್ನಿ. ಆದಿತ್ಯವಾರ ಸಂದರ್ಶನವಿದ್ದರೆ ಮೆಗಾಬ್ಲಾಕ್ ಇದೆಯೇ ಎಂದು ವಿಚಾರಿಸಿ. ಟ್ರೈನು ನಿಂತರೆ ಸುಮ್ಮನೆ ಕೂರದೆ ಕಚೇರಿಗೆ ಫೋನು ಮಾಡಿ ತಿಳಿಸಿ. ಬಟ್ಟೆ ಹೊಸದಾಗಬೇಕಿಲ್ಲ, ಶುಭ್ರವಾಗಿ ಇಸ್ತ್ರಿಯಾಗಿರಲಿ. ಬೂಟು ಮಾತ್ರ ನಿಮ್ಮದೇ ಅಳತೆಯದಿರಲಿ!

2020ರ ಕೊರೊನಾ ಕಾಲದ ನಂತರ ಮೊದಲ ಸುತ್ತು ಮೊಬೈಲಿನ ವೀಡಿಯೊದಲ್ಲೇ ನಡೆಯುವುದು ಸಾಮಾನ್ಯವಾಗಿದೆ. ಒಂದೇ ಕೋಣೆಯ ಮನೆಯಲ್ಲಿ ಇದು ಕಷ್ಟವೇ. ಕುಕ್ಕರಿನ ಸೀಟಿ, ಟಿವಿ, ನೆರೆಮನೆಯ ಮಾತು ಎಲ್ಲ ಅತ್ತ ಕೇಳಿಸುತ್ತದೆ. ಆ ಅರ್ಧ ಗಂಟೆ ಮನೆಯವರು ಸಹಕರಿಸಬೇಕು. ಸಂಘದ ಕಚೇರಿಯ ಒಂದು ಕೋಣೆ ಹಗಲು ಖಾಲಿಯಿದ್ದರೆ ಅದನ್ನೇ ಮಕ್ಕಳಿಗೆ ಬಿಟ್ಟುಕೊಡಬಹುದು.

ಬ್ಯಾಂಕಿನವನಾಗಿ ಇನ್ನೊಂದು ಎಚ್ಚರಿಕೆ. ''ಕೆಲಸ ಖಾತ್ರಿ, ರಿಜಿಸ್ಟ್ರೇಶನ್ನಿಗೆ ಇಷ್ಟು ಕಳುಹಿಸಿ'' ಎಂಬ ಸಂದೇಶ ನಂಬಿ ಹಣ ಕಟ್ಟಲು ನಮ್ಮ ಕೌಂಟರಿಗೆ ಬಂದ ತಂದೆಯೊಬ್ಬರನ್ನು ನಾನೇ ತಡೆದಿದ್ದೇನೆ. ಮಗಳ ಕೆಲಸಕ್ಕಾಗಿ ಸಾಲ ಮಾಡಿ ತಂದ ಹಣ ಅದು. ಕೆಲಸ ಕೊಡುವ ಕಂಪೆನಿ ಸಂಬಳ ಕೊಡುತ್ತದೆ, ನಿಮ್ಮಿಂದ ಹಣ ಕೇಳುವುದಿಲ್ಲ. ಪಾಸ್‌ಬುಕ್ಕನ್ನೋ ಎಟಿಎಂ ಕಾರ್ಡನ್ನೋ ಒಪ್ಪಿಸಿ, ಒಟಿಪಿ ಹೇಳಿ ಎಂದರೆ ಅಲ್ಲಿಗೇ ನಿಲ್ಲಿಸಿ.

ಎರಡು ಆದಿತ್ಯವಾರ ಸಾಕು

ನಮ್ಮ ಹುಡುಗ ಬಯೋಡೇಟಾ ಬದಲಿಸಿದ. 'ಫ್ರೆಷರ್' ತೆಗೆದು 'ಕುಟುಂಬದ ಹೊಟೇಲಿನಲ್ಲಿ ಕ್ಯಾಶ್ ಹಾಗೂ ದೈನಂದಿನ ಲೆಕ್ಕ, ಮೂರು ವರ್ಷ' ಎಂದು ಬರೆದ. ಭಿವಂಡಿಯಲ್ಲಿ ಗೋದಾಮು ಇರುವ ಒಂದು ಸಾಗಾಟ ಕಂಪೆನಿಯಲ್ಲಿ ಮೂರನೇ ಸಂದರ್ಶನವಾಯಿತು. ಅವರು ಹೊಟೇಲಿನ ಬಗ್ಗೆಯೇ ಕೇಳಿದರಂತೆ. ಒಂದು ರಾತ್ರಿ 740 ರೂಪಾಯಿ ಕಡಿಮೆ ಬಂದದ್ದು, ಒಂದು ಗಂಟೆಯವರೆಗೆ ಹುಡುಕಿದ್ದು, ಕೊನೆಗೆ ಗಿರಾಕಿಯ ಯುಪಿಐ ಹಣ ಬಾರದೆ ಅಡ್ಡಲಾಗಿ ಉಳಿದದ್ದು ಪತ್ತೆಯಾದದ್ದು, ಎಲ್ಲ ಹೇಳಿದನಂತೆ. ಯಾರೂ ನಗಲಿಲ್ಲ. ಈಗ ಅಲ್ಲೇ ಅಕೌಂಟ್ಸ್ ಸಹಾಯಕನಾಗಿದ್ದಾನೆ. ಸಂಬಳ ಅವನು ಬಯಸಿದಷ್ಟಿಲ್ಲ. ಕೆಲಸ ಸಿಕ್ಕಿದ್ದು ಗಲ್ಲಾದಿಂದಲೋ ಅದೃಷ್ಟದಿಂದಲೋ ನಾನು ಹೇಳಲಾರೆ. ಆದರೆ ತಲೆ ತಗ್ಗಿಸದೆ ಉತ್ತರ ಕೊಟ್ಟು ಬಂದೆ ಎಂದು ಹೇಳುವಾಗ ಅವನ ಮುಖ ಬೇರೆಯೇ ಇತ್ತು. ಅವನ ಮಾವನಿಗೂ ಸಂತೋಷವಾಯಿತು.

ಕೊನೆಯದಾಗಿ ಸಂಘಗಳ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ನಮ್ಮ ಸದಸ್ಯರಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಗಳಿದ್ದಾರೆ, ಲೆಕ್ಕ ಪರಿಶೋಧಕರಿದ್ದಾರೆ, ಕಂಪೆನಿಗಳಲ್ಲಿ ನೇಮಕಾತಿ ನೋಡುವವರಿದ್ದಾರೆ. ಪದವಿ ಫಲಿತಾಂಶ ಬಂದ ಮೇಲೆ ಎರಡು ಆದಿತ್ಯವಾರ ಸಂಘದ ಸಭಾಗೃಹದಲ್ಲಿ ಒಂದು ಮೇಜು, ಮೂರು ಕುರ್ಚಿ ಹಾಕಿ ಅಣಕು ಸಂದರ್ಶನ ನಡೆಸಿದರೆ ಸಾಕು. ಖರ್ಚು ಒಂದು ಚಹಾದ್ದು. ಅಲ್ಲಿಗೆ ಬರುವ ಪ್ರತಿ ಮಗುವಿಗೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ''ಕಾಲೇಜು ಬಿಟ್ಟ ಮೇಲೆ ಸಂಜೆ ಏನು ಮಾಡ್ತಿದ್ದೆ?''